ಜುಲೈ ತಿಂಗಳ ಸಂಡಿಗೆ, ನಾಲ್ಕನೆಯ ಕೊಲೆ

ನಾನು ನೈರೋಬಿಗೆ ಬಂದು ಹದಿನೇಳು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ಊರಿನವರಿಗೆ ಒಂದು ಸಂಗತಿಯನ್ನು ಮಾತ್ರ ಒಪ್ಪಿಸಲಾಗದೆ ಸೋತಿದ್ದೇನೆ. ಅದು, ಇಲ್ಲಿಯೂ ಚಳಿಯಾಗುತ್ತದೆ ಎಂಬುದು. ಫೋನ್ ಮಾಡಿದವರೆಲ್ಲ "ಆಫ್ರಿಕಾ ಬಿಸಿಲನ್ನ ಹೇಗೆ ತಡ್ಕೊಂಡಿದ್ದೀಯೋ, ಪಾಪ" ಎಂದು ಮರುಗುತ್ತಾರೆ. ನಾನು ಎರಡು ಸ್ವೆಟರು, ಅದರ ಮೇಲೊಂದು ಶಾಲು, ಕಾಲಿಗೆ ಗಂಡನ ಉಣ್ಣೆ ಸಾಕ್ಸು ಏರಿಸಿಕೊಂಡು, "ಹೇಗೋ ನಡೀತಿದೆ" ಎನ್ನುತ್ತೇನೆ. ವಾದ ಮಾಡಿ ಪ್ರಯೋಜನವಿಲ್ಲ. ಭೂಪಟದಲ್ಲಿ ಭೂಮಧ್ಯರೇಖೆ ನಮ್ಮ ತಲೆಯ ಮೇಲೆಯೇ ಎಂಬಷ್ಟು ಹತ್ತಿರದಲ್ಲಿ ಹಾದುಹೋಗಿರುವುದನ್ನು ನೋಡಿದವರಿಗೆ, ನೈರೋಬಿಯಲ್ಲಿ ನಮ್ಮ ಮನೆಯಿರುವ ಲೊರೆಶೋ ಬಡಾವಣೆಯ ಜುಲೈ ಅರ್ಥವಾಗುವುದಿಲ್ಲ.

ನೈರೋಬಿ ಬೆಟ್ಟದೆತ್ತರದಲ್ಲಿದೆ. ಜೂನ್ ಅರ್ಧ ಕಳೆಯುತ್ತಿದ್ದಂತೆ ಸೂರ್ಯ ಹೇಳದೆ ಕೇಳದೆ ರಜೆ ಹಾಕಿಬಿಡುತ್ತಾನೆ. ಬೆಳಿಗ್ಗೆ ಬೂದು, ಮಧ್ಯಾಹ್ನ ಬೂದು, ಸಂಜೆ ಇನ್ನೂ ಸ್ವಲ್ಪ ಗಾಢವಾದ ಬೂದು. ಮಳೆ ಬಂದಿದ್ದರೆ ಬಯ್ಯುವುದಕ್ಕಾದರೂ ಏನಾದರೂ ಸಿಗುತ್ತಿತ್ತು, ಅದೂ ನೆಟ್ಟಗೆ ಬರುವುದಿಲ್ಲ. ಒಗೆದ ಬಟ್ಟೆ ತಂತಿಯ ಮೇಲೆ ದಿನಗಟ್ಟಲೆ ತಣ್ಣಗೆ ನೇತಾಡುತ್ತದೆ. ಮನೆ ಕಟ್ಟಿದ ಪುಣ್ಯಾತ್ಮರು ಗಾಳಿಯಾಡಲೆಂದು ಕಿಟಕಿಗಳ ಮೇಲೆ ಮುಚ್ಚಲಾಗದ ಕಿಂಡಿಗಳನ್ನು ಬಿಟ್ಟಿದ್ದಾರೆ. ಗಾಳಿ ಚೆನ್ನಾಗಿಯೇ ಆಡುತ್ತದೆ.

ಇಂಥ ಜುಲೈಗೆ ನಾನು ಕಂಡುಕೊಂಡ ಮದ್ದು ಕೊಲೆ. ಪುಸ್ತಕದಲ್ಲಿ ನಡೆಯುವ ಕೊಲೆ, ಅದರಲ್ಲೂ ಭೂಮಿಯ ಉತ್ತರದ ತುದಿಯಲ್ಲಿರುವ ಹಿಮದ ದೇಶಗಳಲ್ಲಿ ನಡೆಯುವಂಥದ್ದು. ಆ ಪತ್ತೇದಾರಿ ಕಾದಂಬರಿಗಳಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೇ ಕತ್ತಲಾಗಿರುತ್ತದೆ. ಸಮುದ್ರ ಹೆಪ್ಪುಗಟ್ಟಿರುತ್ತದೆ. ಪತ್ತೇದಾರನನ್ನು ಹೆಂಡತಿ ಬಿಟ್ಟುಹೋಗಿರುತ್ತಾಳೆ, ಕಾರು ಸ್ಟಾರ್ಟ್ ಆಗುವುದಿಲ್ಲ, ಮಂಡಿ ನೋವು ಬೇರೆ. ಓದುತ್ತ ಓದುತ್ತ, ಇವರಿಗಿಂತ ನಾವೇ ವಾಸಿ ಅನ್ನಿಸಿ ನನ್ನ ಕಾಲುಗಳು ಬೆಚ್ಚಗಾಗುತ್ತವೆ. ವೆಸ್ಟ್‌ಲ್ಯಾಂಡ್ಸಿನ ಹಳೇ ಪುಸ್ತಕದ ಅಂಗಡಿಯವನು ಈಗೀಗ ನನ್ನನ್ನು ಏನೂ ಕೇಳುವುದಿಲ್ಲ. ರಟ್ಟಿನ ಮೇಲೆ ಹಿಮವೂ ರಕ್ತವೂ ಇರುವ ಪುಸ್ತಕಗಳನ್ನು ಆರಿಸಿ ಮುಂದಿಡುತ್ತಾನೆ.

ಕಷ್ಟವೆಂದರೆ, ಓದಿದ್ದನ್ನು ಹೇಳಿಕೊಳ್ಳಲು ಮನೆಯಲ್ಲಿ ಒಂದು ಕಿವಿಯಿರಲಿಲ್ಲ. ನನ್ನ ಗಂಡ ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧಿ ಕಾರ್ಖಾನೆಯಲ್ಲಿ ಮ್ಯಾನೇಜರು. ಲಾರಿಗಳ ಜಾಮಿನಲ್ಲಿ ನುಗ್ಗಾಗಿ ಮನೆ ಸೇರುವ ಮನುಷ್ಯ, ಮೊದಲ ಹೆಣ ಬೀಳುವಷ್ಟರಲ್ಲಿ ಗೊರಕೆ ಹೊಡೆಯುತ್ತಾರೆ. ಮಗಳಿಗೆ ಆಗ ಹದಿನಾಲ್ಕು. ಅವಳ ಎರಡು ಕಿವಿಗಳೂ ಇಯರ್‌ಫೋನಿಗೆ ಮೀಸಲು.

ಅಂಥ ಒಂದು ಜೂನ್‌ನಲ್ಲಿ ಶಿರಾದಿಂದ ನಮ್ಮತ್ತೆ ಬಂದಿಳಿದರು. ಆಗಸ್ಟ್ ಕೊನೆಗೆ ವಾಪಸು ಟಿಕೆಟ್ ಇತ್ತು. ಹಾಲಿನಲ್ಲಿ ಕೂತು ಸೂಟ್‌ಕೇಸ್ ತೆರೆದರೆ, ಮೇಲೆ ತೆಳು ಕಾಟನ್ ಸೀರೆಗಳು, ಒಂದು ಬೀಸಣಿಗೆ. ಅದರ ಕೆಳಗೆ ಅಕ್ಕಿಹಿಟ್ಟು, ಸಬ್ಬಕ್ಕಿ, ಜೀರಿಗೆ, ಇಂಗು, ಚಕ್ಕುಲಿ ಒರಳು. ಎಲ್ಲಕ್ಕಿಂತ ಕೆಳಗೆ ಒಗೆದು ಮಡಿಸಿದ ಹಳೆಯ ಬಿಳಿ ಪಂಚೆಗಳು.

"ಕಣ್ಣಿನ ಆಪರೇಷನ್ ಆಗಿ ಈ ಬೇಸಿಗೇಲಿ ಸಂಡಿಗೆ ಇಡೋಕೇ ಆಗ್ಲಿಲ್ಲ ಕಣಮ್ಮ" ಎಂದರು. "ಹೇಗೂ ಬರ್ತಿದೀನಲ್ಲ, ಅಲ್ಲೇ ಇಟ್ಟರಾಯ್ತು ಅಂದ್ಕೊಂಡೆ. ನಿಮ್ಮಲ್ಲಿ ಬಿಸಿಲಿಗೇನು ಬರ."

ಚಳಿಯ ಬಗ್ಗೆ ನಾವು ಹೇಳಿದ್ದೆವು. ಎಲ್ಲರಂತೆ ಅವರೂ ನಂಬಿರಲಿಲ್ಲ.

ಮಾರನೆಯ ಬೆಳಿಗ್ಗೆಯೇ ಹಿಟ್ಟು ಬೇಯಿಸಿ, ತೋಟದ ಮೇಜಿನ ಮೇಲೆ ಪಂಚೆ ಹಾಸಿ, ಸಾಲುಸಾಲಾಗಿ ಸಂಡಿಗೆ ಒತ್ತಿದರು. ಸಂಜೆ ಮುಟ್ಟಿ ನೋಡಿದರೆ ಬೆಳಿಗ್ಗೆ ಇದ್ದುದಕ್ಕಿಂತ ಒದ್ದೆ. ಮರುದಿನವೂ ಅಷ್ಟೇ. ಅದರ ಮರುದಿನ ಸಣ್ಣಗೆ ಮುಗ್ಗುಲು ವಾಸನೆ ಬಂತು. ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಆಕಾಶವನ್ನು ಒಂದು ಸಲ ದುರುಗುಟ್ಟಿ ನೋಡಿದರು. ಶಿರಾದ ಆಕಾಶವಾಗಿದ್ದರೆ ಆ ನೋಟಕ್ಕೆ ಹೆದರುತ್ತಿತ್ತೇನೋ. ಇಲ್ಲಿಯದು ಕ್ಯಾರೇ ಅನ್ನಲಿಲ್ಲ.

ಆಮೇಲೆ ಅವರ ಕಣ್ಣು ಮಗನ ಮೇಲೆ ಬಿತ್ತು. "ನಿಮ್ಮ ಫ್ಯಾಕ್ಟ್ರೀಲಿ ಮಾತ್ರೆ ಪುಡಿ ಒಣಗಿಸೋ ಮಷೀನು ಇದೆ ಅಂದಿದ್ಯಲ್ಲಪ್ಪ."

"ಅಮ್ಮಾ, ಅದು ಬೇಡ."

"ಒಂದೇ ದಿನ. ಭಾನುವಾರ. ಯಾರಿಗೂ ಗೊತ್ತಾಗಲ್ಲ."

"ಆಡಿಟ್‌ನವರು ನೋಡಿದ್ರೆ ಫ್ಯಾಕ್ಟ್ರೀನೇ ಮುಚ್ಚಿಸ್ತಾರೆ ಕಣಮ್ಮ."

"ಯಾಕೆ, ಸಂಡಿಗೆ ಏನು ವಿಷಾನಾ? ನಾನು ಸ್ನಾನ ಮಾಡಿ ಇಟ್ಟಿರೋದು."

"ವಿಷ ಅಲ್ಲ. ಜ್ವರದ ಮಾತ್ರೆಯಲ್ಲಿ ಇಂಗಿನ ವಾಸನೆ ಬರುತ್ತೆ."

"ಬರಲಿ ಬಿಡು. ಜ್ವರ ಬಂದೋರಿಗೆ ಬಾಯಿರುಚಿಯಾದ್ರೂ ಇರುತ್ತೆ" ಎಂದರು ಅತ್ತೆ. ಮಗ ಅಂದು ಎಂದಿಗಿಂತ ಬೇಗ ಆಫೀಸಿಗೆ ಹೊರಟರು.

ಕೊನೆಗೆ ನೆನಪಾದದ್ದು ಹಾಲಿನ ಗೋಡೆಯ ಒಲೆ. ಇಲ್ಲಿಯ ಹಳೆಯ ಬಂಗಲೆಗಳಲ್ಲೆಲ್ಲ ಸೌದೆ ಉರಿಸಿ ಮೈ ಕಾಯಿಸಿಕೊಳ್ಳಲು ಗೋಡೆಯೊಳಗೆ ಅಂಥದೊಂದು ಗೂಡಿರುತ್ತದೆ. ನಾವು ಅದರಲ್ಲಿ ಇಷ್ಟು ವರ್ಷ ಶೂಗಳನ್ನಿಡುತ್ತಿದ್ದೆವು. ಮನೆಗೆಲಸಕ್ಕೆ ಬರುವ ಹೆಂಗಸು ಶೂಗಳನ್ನು ತೆಗೆದು ಸೌದೆ ಜೋಡಿಸಿಕೊಟ್ಟಳು. ಅತ್ತೆಯ ಒದ್ದೆ ಸಂಡಿಗೆಯನ್ನು ನೋಡಿ "ಪೋಲೆ, ಮಾಮಾ" ಎಂದಳು. ಇಲ್ಲಿ ಯಾರಿಗೆ ಏನೇ ಕಷ್ಟವಾದರೂ ಸಮಾಧಾನಕ್ಕೆ ಹೇಳುವ ಮಾತು ಅದು. ಅತ್ತೆಗೆ ಮಾತು ತಿಳಿಯಲಿಲ್ಲ, ಆದರೆ "ಹೂಂ ಕಣಮ್ಮ, ನೋಡು ಎಂಥಾ ಗತಿ" ಎಂದು ಸರಿಯಾಗಿಯೇ ಉತ್ತರ ಕೊಟ್ಟರು.

ಹೀಗೆ, ಮುಗ್ಗಿದ್ದನ್ನು ಎಸೆದು ಹೊಸದಾಗಿ ಒತ್ತಿದ ಸಂಡಿಗೆ ಒಳಗೆ ಬಂತು. ಒಲೆಯ ಮುಂದೆ ತಗ್ಗು ಬೆಂಚು, ಬೆಂಚಿನ ಮೇಲೆ ಪಂಚೆ, ಪಂಚೆಯ ಮೇಲೆ ಸಂಡಿಗೆ. ಇಡೀ ಮನೆಯಲ್ಲಿ ಬೆಚ್ಚಗಿದ್ದುದು ಅದೊಂದೇ ಜಾಗವಾದ್ದರಿಂದ ಸಂಜೆಯಾದರೆ ನಾವೂ ಸಂಡಿಗೆಯ ಸುತ್ತ ಒಣಗಲು ಕೂರುತ್ತಿದ್ದೆವು. ಮಗಳು ಸಹ ತನ್ನ ರೂಮು ಬಿಟ್ಟು ಸೋಫಾದ ಮೂಲೆಗೆ ಬಂದಳು. ಇಯರ್‌ಫೋನ್ ಸಮೇತ.

ಅವಳದೇ ಅತ್ತೆಗೆ ಕೊರಗು. ಅವಳು ಒರಟು ಹುಡುಗಿಯಲ್ಲ. ಇಲ್ಲಿ ಬೆಳೆದ ನಮ್ಮ ಮಕ್ಕಳು ಇರುವುದೇ ಹಾಗೆ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. "ಪುಟ್ಟಿ, ರಾತ್ರಿ ಊಟಕ್ಕೆ ಏನು ಮಾಡ್ಲಿ?" ಎಂದರೆ "ಎನಿಥಿಂಗ್ ಈಸ್ ಫೈನ್, ಅಜ್ಜಿ." ಅತ್ತೆ ನನ್ನತ್ತ ತಿರುಗಿ "ಏನಂದ್ಲು?" ಎನ್ನುವರು. ನನ್ನ ಮನೆಯಲ್ಲಿ ನಾನೇ ದುಭಾಷಿಯಾದೆ. ನನ್ನ ಮಗಳಿಗೆ ಕನ್ನಡ ಬರುವುದಿಲ್ಲವೆಂದಲ್ಲ. ಚಿಕ್ಕವಳಿದ್ದಾಗ ಇಲ್ಲಿಯ ರಾಜ್ಯೋತ್ಸವದ ವೇದಿಕೆಯ ಮೇಲೆ ನಾಲ್ಕು ಮಾತಾಡಿದ್ದಳು. ಅವಳ ಉಚ್ಚಾರಣೆಗೆ ದೊಡ್ಡವರೆಲ್ಲ ನಕ್ಕರು. ಪ್ರೀತಿಯಿಂದಲೇ ನಕ್ಕರು, ಆದರೆ ನಕ್ಕರು. ಅಂದಿನಿಂದ ಅವಳ ಕನ್ನಡ ಒಳಗೇ ಉಳಿಯಿತು. ನಾನು ಒತ್ತಾಯ ಮಾಡಿದರೆ "ನಮಸ್ಕಾರ ಅಜ್ಜಿ" ಎಂದು ಅದೇ ವೇದಿಕೆಯ ದನಿಯಲ್ಲಿ ಒಪ್ಪಿಸಿ ಹೋಗುವಳು. ಅದಕ್ಕಿಂತ ಸುಮ್ಮನಿರುವುದೇ ಮೇಲಾಗಿತ್ತು.

ಒಂದು ಮಧ್ಯಾಹ್ನ ಹುರುಳಿಕಾಯಿ ನಾರು ತೆಗೆಯುತ್ತ ಅತ್ತೆ ತಲೆಯೆತ್ತದೆ ಹೇಳಿದರು, "ಅವನಿಗೆ ಹೇಳಿ ಟಿಕೆಟ್ ಬದಲಾಯಿಸಮ್ಮ. ಈ ತಿಂಗಳೇ ಹೊರಟುಬಿಡ್ತೀನಿ."

"ಚಳಿ ತಡ್ಕೊಳೋಕೆ ಆಗ್ತಿಲ್ವಾ ಅತ್ತೆ?"

"ಚಳಿಗೇನು, ಹೊದ್ಕೊಂಡ್ರಾಯ್ತು. ಮೊಮ್ಮಗಳ ಹತ್ರ ನಾಕು ಮಾತಾಡೋಣ ಅಂತ ಬಂದೆ. ಅದು ನನ್ನ ಮುಖ ನೋಡಿದ ತಕ್ಷಣ ಕಿವಿಗೆ ಬಿರಡೆ ಹಾಕ್ಕೊಳುತ್ತೆ. ಇರೋಳು ಅವಳೊಬ್ಬಳು." ನಾರು ತೆಗೆದ ಹುರುಳಿಕಾಯಿಯಿಂದ ಮತ್ತೆ ನಾರು ತೆಗೆಯುತ್ತಿದ್ದರು.

ಅವರು ಹಾಗೇ ಹೊರಟುಹೋದರೆ ಮತ್ತೆ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಅಜ್ಜಿ ಮೊಮ್ಮಗಳ ನಡುವೆ ಉಳಿಯುವುದು ಹಬ್ಬದ ದಿನದ ಒಂದು ಫೋನು, "ಹಾಯ್ ಅಜ್ಜಿ, ಬಾಯ್ ಅಜ್ಜಿ" ಅಷ್ಟೇ. ಟಿಕೆಟ್ಟಿನ ಮಾತನ್ನು ಗಂಡನಿಗೆ ತಿಳಿಸಿ, ಏಜೆಂಟನನ್ನು ನಿಧಾನಕ್ಕೆ ವಿಚಾರಿಸಿ, ಬಹಳ ನಿಧಾನಕ್ಕೆ, ಎಂದೆ.

ಅಂದು ಸಂಜೆ ಒಲೆಯ ಮುಂದೆ ಓದುತ್ತ ಕೂತಿದ್ದಾಗ ಅತ್ತೆ ಕೇಳಿದರು, "ಮುಖ ಗಂಟು ಹಾಕ್ಕೊಂಡು ಅದೇನು ಓದ್ತೀಯ?"

"ಕೊಲೆ, ಅತ್ತೆ."

"ಯಾರದ್ದು?"

ನನ್ನ ಜೀವಮಾನದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಪುಸ್ತಕವನ್ನು ಮೊದಲಿನಿಂದ ಕನ್ನಡದಲ್ಲಿ ಹೇಳತೊಡಗಿದೆ. ಹಿಮ ಬಿದ್ದು ದಾರಿ ಮುಚ್ಚಿದ ಒಂದು ಹಳ್ಳಿ. ಅಲ್ಲೊಬ್ಬ ನಿವೃತ್ತ ಮೇಷ್ಟ್ರು ತನ್ನ ಬೆವರುಕೋಣೆಯಲ್ಲಿ ಸತ್ತುಬಿದ್ದಿದ್ದಾನೆ, ಬಾಗಿಲಿಗೆ ಹೊರಗಿನಿಂದ ಚಿಲಕ.

"ಬೆವರುಕೋಣೆ ಅಂದ್ರೇನು?"

"ಸೌದೆ ಹಾಕಿ ಕಾಯಿಸಿದ ಕೋಣೆ ಅತ್ತೆ. ಒಳಗೆ ಕೂತು ಸುಮ್ಮನೆ ಬೆವರ್ತಾರೆ."

"ಬೇಕೂಂತಲೇ?"

"ಹೌದು."

"ಏಪ್ರಿಲ್ ತಿಂಗಳಲ್ಲಿ ಶಿರಾಕ್ಕೆ ಕಳಿಸು ಅವರನ್ನ" ಎಂದರು ಅತ್ತೆ. ಸ್ವಲ್ಪ ಹೊತ್ತಿಗೆ ತಾವೇ ಮುಂದಕ್ಕೆ ಸರಿದು ಕೂತು, "ಹೂಂ, ಹೇಳು" ಎಂದರು.

ಆ ರಾತ್ರಿ ಊಟಕ್ಕೇಳುವಾಗ ಒಂದು ಒಪ್ಪಂದವಾಯಿತು. ಕೊಲೆಗಾರ ಸಿಗುವವರೆಗೆ ಟಿಕೆಟ್ಟಿನ ಮಾತೆತ್ತುವಂತಿಲ್ಲ. ಸಿಕ್ಕ ಮೇಲೆ ನಾನು ತಡೆಯುವಂತಿಲ್ಲ.

ಅತ್ತೆ ಬಲು ಚುರುಕು ಕೇಳುಗರು, ಆದರೆ ಅವರ ಊಹೆಗಳು ಒಂದೂ ಸರಿಹೋಗುತ್ತಿರಲಿಲ್ಲ. ಮೊದಲ ದಿನವೇ "ಇದು ಸೊಸೆಯ ಕೆಲಸ" ಎಂದು ತೀರ್ಪು ಕೊಟ್ಟರು. ಮೇಷ್ಟ್ರಿಗೆ ಮದುವೆಯೇ ಆಗಿಲ್ಲ, ಸೊಸೆಯೆಲ್ಲಿಂದ ಬರುತ್ತಾಳೆ ಎಂದೆ. "ಇರ್ತಾಳೆ. ಬರೆದವನು ಮುಚ್ಚಿಟ್ಟಿದಾನೆ" ಎಂದರು, ನನ್ನನ್ನೇ ನೋಡುತ್ತ. ಪತ್ತೇದಾರನ ಬಗ್ಗೆ ಅವರಿಗೆ ಅಪಾರ ಮರುಕ. ಪುಸ್ತಕದಲ್ಲಿ ಅವನು ಒಂದೇ ಸಮನೆ ಉಪ್ಪು ಮೀನು ತಿನ್ನುತ್ತಿದ್ದ. ಅದು ಸರಿಬರುವುದಿಲ್ಲವೆಂದು ನಾನು ಅವನಿಗೆ ಆಲೂಗಡ್ಡೆ ಪಲ್ಯ ಬಡಿಸಿದೆ. "ಬರೀ ಪಲ್ಯಾನಾ? ಆ ಚಳೀಲಿ? ಒಂದಿಷ್ಟು ಸಾರು ಮಾಡಿಕೊಡೋರು ಯಾರೂ ಇಲ್ವಾ?" ಎಂದು ಅತ್ತೆ ಎಷ್ಟು ಕೊರಗಿದರೆಂದರೆ, ಮಾರನೆಯ ಅಧ್ಯಾಯದಲ್ಲಿ ಸತ್ತ ಮೇಷ್ಟ್ರ ತಂಗಿ ಅವನಿಗೆ ಬಿಸಿಬಿಸಿ ಮೆಣಸಿನ ಸಾರು ತಂದುಕೊಟ್ಟಳು. ಪುಸ್ತಕದಲ್ಲಿ ಅದು ಕಾಫಿ.

ಪುಸ್ತಕದಲ್ಲಿ ಇನ್ನೂ ಒಂದು ಕೊಲೆಯಿತ್ತು, ಅಂಚೆಯವನದ್ದು. ಅದೂ ಆಯಿತು. ಪುಟಗಳು ತೆಳ್ಳಗಾಗುತ್ತ ಬಂದವು. ಉಳಿದ ಹಾಳೆಗಳನ್ನು ದಿನಾ ಬೆರಳಿನಲ್ಲಿ ಹಿಡಿದು ಅಳೆಯುತ್ತಿದ್ದೆ. ಆದ್ದರಿಂದ ಒಂದು ಸಂಜೆ, ಯಾವ ಪಾಪವನ್ನೂ ಮಾಡಿರದ ಬೇಕರಿಯವನನ್ನು ನಾನೇ ಕೊಂದೆ.

ಹೇಗೆ ಬಂತೋ ಆ ಧೈರ್ಯ. ಪುಸ್ತಕದ ಮೇಲೆ ಕಣ್ಣಿಟ್ಟು, ಓದಿ ಹೇಳುವವಳ ಹಾಗೆಯೇ, ಅವನನ್ನು ಅವನದೇ ಹಿಟ್ಟಿನ ಮೂಟೆಗಳ ಹಿಂದೆ ಮಲಗಿಸಿದೆ. ಅತ್ತೆ "ಅಯ್ಯೋ, ಅವನು ಒಳ್ಳೆಯವನಿದ್ದನಲ್ಲೇ" ಎಂದು ಬಾಯಿಗೆ ಸೆರಗು ಹಿಡಿದರು. ಸೋಫಾದ ಮೂಲೆಯಲ್ಲಿ ಮಗಳು ಸ್ವಲ್ಪ ಮಿಸುಕಿದಂತಾಯಿತು. ಹಾಡು ಬದಲಾಯಿಸುತ್ತಿದ್ದಾಳೆ ಅಂದುಕೊಂಡೆ. ಪತ್ತೇದಾರಿ ಕಾದಂಬರಿಗಳ ಹುಳು ನಾನು.

ಈ ನಡುವೆ ಮನೆಯಲ್ಲಿ ನಿಜವಾದ ಅಪರಾಧವೊಂದು ನಡೆಯುತ್ತಿತ್ತು. ಪಂಚೆಯ ಮೇಲಿನ ಸಂಡಿಗೆ ದಿನಾ ಕಡಿಮೆಯಾಗುತ್ತಿತ್ತು. ಅದೂ ಅರ್ಧ ಒಣಗಿದವೇ, ಹೊರಗೆ ಗಟ್ಟಿ, ಒಳಗೆ ಇನ್ನೂ ಮೆತ್ತಗಿರುವಂಥವು. ಸಂಡಿಗೆಯ ಮನೆಯಲ್ಲಿ ಬೆಳೆದವರಿಗೆ ಅದರ ರುಚಿ ಬಿಡಿಸಿ ಹೇಳಬೇಕಾಗಿಲ್ಲ. ಕರಿದ ಸಂಡಿಗೆ ಎಲ್ಲರಿಗೂ ಸಿಗುತ್ತದೆ, ಇದು ಕದ್ದವರಿಗೆ ಮಾತ್ರ. ನಾನು ಗಂಡನ ಮೇಲೆ ಕಣ್ಣಿಟ್ಟೆ. ಅವರು ತೋಟಕ್ಕೆ ಬರುವ ಮಂಗಗಳ ಕಡೆ ಬೆರಳು ತೋರಿಸಿದರು. ಕಿಟಕಿ ತೆಗೆದು ಒಳಬಂದು, ಸಂಡಿಗೆ ತಿಂದು, ಮತ್ತೆ ಕಿಟಕಿ ಹಾಕಿಕೊಂಡು ಹೋಗುವಷ್ಟು ಶಿಸ್ತಿನ ಮಂಗ ನೈರೋಬಿಯಲ್ಲಿ ಇಲ್ಲವೆಂದೆ.

"ಜಗಳ ಬೇಡ" ಎಂದರು ಅತ್ತೆ. "ನಿನ್ನ ಪತ್ತೇದಾರ ಹಿಮದ ಮೇಲೆ ಹೆಜ್ಜೆ ನೋಡಿ ಕಂಡುಹಿಡೀತಾನಲ್ಲ? ನಮ್ಮ ಹತ್ರಾನೂ ಹಿಮ ಇದೆ." ಅಡುಗೆಮನೆಯಿಂದ ಅಕ್ಕಿಹಿಟ್ಟಿನ ಡಬ್ಬ ತಂದು, ರಂಗೋಲಿಗೆ ಹಿಡಿದಂತೆ ಹಿಟ್ಟನ್ನು ಬೆರಳುಗಳ ನಡುವಿನಿಂದ ಸಣ್ಣಗೆ ಬಿಡುತ್ತ ಬೆಂಚಿನ ಸುತ್ತ ನೆಲದ ಮೇಲೆ ಉದುರಿಸಿದರು. ನೋಡನೋಡುತ್ತ ನಮ್ಮ ಹಾಲಿನಲ್ಲಿ ಹಿಮ ಬಿತ್ತು.

ಮಾರನೆಯ ದಿನ ನಾನು ಪಾಠ ಹೇಳುವ ಕಾಲೇಜಿನಿಂದ ಮನೆಗೆ ಬರುವಷ್ಟರಲ್ಲಿ ಅತ್ತೆ ನೆಲ ಗುಡಿಸಿ ಹೊಸ ಹಿಮ ಹಾಕಿದ್ದರು. ಮುಖದಲ್ಲಿ ತಡೆಯಲಾಗದ ಖುಷಿ.

"ಕಳ್ಳ ಸಿಕ್ಕನಾ ಅತ್ತೆ?"

"ಸಿಕ್ಕಿದ್ರೂ ನಿಂಗೆ ಹೇಳಲ್ಲ. ನಿನ್ನ ಪುಸ್ತಕದೋನು ಹೇಳ್ತಾನಾ? ಕೊನೇವರೆಗೂ ಕಾಯಿಸ್ತಾನೆ. ನಾನೂ ಕಾಯಿಸ್ತೀನಿ."

ಎಷ್ಟು ಪುಸಲಾಯಿಸಿದರೂ ಬಾಯಿ ಬಿಡಲಿಲ್ಲ. ಆದರೆ ಅಂದಿನಿಂದ ಅರ್ಧ ಒಣಗಿದ ಸಂಡಿಗೆಗಳನ್ನೆಲ್ಲ ಆರಿಸಿ ಪಂಚೆಯ ಒಂದೇ ಅಂಚಿಗೆ, ಸೋಫಾದ ಕಡೆಯ ಅಂಚಿಗೆ, ಜೋಡಿಸತೊಡಗಿದರು. ಆ ಕಡೆ ಶಾಖ ಚೆನ್ನಾಗಿ ಬರುತ್ತದೆ ಎಂದರು. ಒಲೆಯಿದ್ದುದು ಇನ್ನೊಂದು ಕಡೆ. ಆಗಲೂ ನನಗೆ ಹೊಳೆಯಲಿಲ್ಲ.

ಕೊಲೆಗಾರರನ್ನು ಎಷ್ಟು ದಿನ ಬಚ್ಚಿಡಲಾದೀತು? ಮುಂದಿನ ವಾರ ನನ್ನ ಕೈಯಲ್ಲಿ ಕೊನೆಯ ಅಧ್ಯಾಯವೊಂದೇ ಉಳಿಯಿತು. ಅಂದು ಗಂಡನೂ ಜಾಮಿನಿಂದ ಬೇಗ ತಪ್ಪಿಸಿಕೊಂಡು ಬಂದು ಒಲೆಯ ಮುಂದೆ ಕೂತಿದ್ದರು. ಹೊರಗೆ ಬೂದು ಬಣ್ಣ ಕಪ್ಪಾಗುತ್ತಿತ್ತು. ಎಲ್ಲರ ಕಣ್ಣೂ ನನ್ನ ಮೇಲೆ. ಮೇಷ್ಟ್ರ ತಂಗಿಯ ಮನೆಯ ಕಡೆ ಪತ್ತೇದಾರ ಹೆಜ್ಜೆ ಹಾಕುತ್ತಿದ್ದಾನೆ, ಇನ್ನೇನು ಬಾಗಿಲು ತಟ್ಟಬೇಕು. ನನಗೆ ದಿಕ್ಕು ತೋಚಲಿಲ್ಲ. "ಅಷ್ಟರಲ್ಲಿ" ಎಂದೆ, "ದನದ ಡಾಕ್ಟರ ಮನೆಯಿಂದ ಒಂದು ಕಿರುಚಾಟ ಕೇಳಿಸಿತು."

"ಮತ್ತೊಂದಾ?" ಎಂದರು ಅತ್ತೆ.

"ಅಜ್ಜಿ, ಅಮ್ಮ ಸುಳ್ಳು ಹೇಳ್ತಿದಾಳೆ."

ನಾವು ಮೂವರೂ ಸೋಫಾದ ಮೂಲೆಗೆ ತಿರುಗಿದೆವು. ಮಗಳು ಇಯರ್‌ಫೋನನ್ನು ಕಿತ್ತು ಕೈಯಲ್ಲಿ ಹಿಡಿದಿದ್ದಳು. ಅದರಿಂದ ಹಾಡಿನ ಸದ್ದೇನೂ ಬರುತ್ತಿರಲಿಲ್ಲ. ಬಹುಶಃ ಎಷ್ಟೋ ದಿನಗಳಿಂದ ಬರುತ್ತಿರಲಿಲ್ಲ.

"ಪುಸ್ತಕದಲ್ಲಿ ಇಬ್ರೇ ಸಾಯೋದು ಅಜ್ಜಿ. ಬೇಕರಿ ಅಂಕಲ್ ಸತ್ತಿಲ್ಲ. ಅವರು ಲಾಸ್ಟ್ ಚಾಪ್ಟರ್‌ನಲ್ಲಿ ಬ್ರೆಡ್ ಮಾಡ್ತಾರೆ. ಡಾಕ್ಟರ್ ಕೂಡ ಸಾಯಲ್ಲ. ಅಮ್ಮ ಸುಮ್‌ಸುಮ್ನೆ ಎಲ್ಲಾರನ್ನೂ ಸಾಯಿಸ್ತಿದಾಳೆ." ಕೋಪಕ್ಕೆ ಅವಳ ಕಿವಿ ಕೆಂಪಾಗಿತ್ತು.

ಕಿಟಕಿಗೆ ಗುಬ್ಬಚ್ಚಿ ಬಂದು ಕೂತಾಗ ಹೇಗೆ ಅಲುಗಾಡದೆ ಇರುತ್ತೇವೋ ಅತ್ತೆ ಹಾಗೆ ಕೂತಿದ್ದರು. ಆಶ್ಚರ್ಯ ತೋರಿಸಲಿಲ್ಲ, ಭೇಷ್ ಎನ್ನಲಿಲ್ಲ. "ಹೌದಾ?" ಎಂದರು, ಹಾಲಿನ ರೇಟು ಕೇಳುವ ದನಿಯಲ್ಲಿ. "ಮತ್ತೆ ಮೇಷ್ಟ್ರನ್ನ ಕೊಂದಿದ್ದು ಯಾರು?"

"ಸಿಸ್ಟರ್. ಸಾರು ಕೊಡ್ತಾಳಲ್ಲ, ಅವಳು."

"ಅಯ್ಯೋ, ಅವಳಾ? ಯಾಕೆ?"

ಮಗಳು ಸೋಫಾದಿಂದಿಳಿದು ಅಜ್ಜಿಯ ಪಕ್ಕ ನೆಲದ ಮೇಲೆ ಬಂದು ಕೂತಳು. ಹೇಳಿದಳು. ಕ್ರಿಯಾಪದಗಳು ಎಡವಿದವು, ನಡುನಡುವೆ ಇಂಗ್ಲಿಷು ಬಂದು ಕೈಹಿಡಿಯಿತು, ಮೇಷ್ಟ್ರು ಒಮ್ಮೆ ಅವನಾದ ಒಮ್ಮೆ ಅದಾದ. ಗಂಡನ ತುಟಿ ಅಲುಗಿದ್ದು ಕಂಡು ನಾನು ಕಾಲಿನಿಂದ ತಿವಿದೆ. ಯಾರೂ ನಗಲಿಲ್ಲ. ಅತ್ತೆ ಭಾಷೆಯ ಬಗ್ಗೆ ಒಂದು ಮಾತೂ ಎತ್ತದೆ ಬರೀ ಕೊಲೆಯ ಬಗ್ಗೆಯೇ ಕೇಳುತ್ತ ಹೋದರು.

"ಅವನು ಅವಳನ್ನ ದಿನಾ ಬೈತಿದ್ದ. ತುಂಬಾ ವರ್ಷ. ಅವಳು ಏನೂ ಹೇಳ್ತಿರಲಿಲ್ಲ, ಮಾತೇ ಆಡ್ತಿರಲಿಲ್ಲ. ಆಮೇಲೆ ಒಂದಿನ ಹೊರಗಡೆಯಿಂದ ಬಾಗಿಲು ಹಾಕಿದ್ಲು. ಪೋಸ್ಟ್‌ಮ್ಯಾನ್ ನೋಡಿಬಿಟ್ಟ, ಅದಕ್ಕೆ ಅವನನ್ನೂ."

"ಮಾತಾಡಿಬಿಟ್ಟಿದ್ರೆ ಆಗ್ತಿತ್ತಲ್ಲ ಪುಟ್ಟಿ" ಎಂದರು ಅತ್ತೆ.

"ನಾನೂ ಅದೇ ಅಂದ್ಕೊಂಡೆ" ಎಂದಳು ಅವಳು. "ನೋಡಿ ಅಜ್ಜಿ, ಇಲ್ಲೇ ಇದೆ." ನನ್ನ ಕೈಯಿಂದ ಪುಸ್ತಕ ಕಸಿದುಕೊಂಡು ಕೊನೆಯ ಅಧ್ಯಾಯ ತೆರೆದಳು. ಪುಟಗಳ ನಡುವಿನಿಂದ ಏನೋ ಜಾರಿ ಪಂಚೆಯ ಮೇಲೆ ಬಿತ್ತು. ಅರ್ಧ ಕಚ್ಚಿದ ಸಂಡಿಗೆ. ಪುಸ್ತಕದೊಳಗೇ ಅದು ಎಷ್ಟು ಚೆನ್ನಾಗಿ ಒಣಗಿತ್ತೆಂದರೆ, ಲೊರೆಶೋದಲ್ಲಿ ಸರಿಯಾಗಿ ಒಣಗಿದ ಸಂಡಿಗೆ ಅದೊಂದೇ. ನಾನು ಕಾಲೇಜಿನಲ್ಲಿರುವಾಗ, ಶಾಲೆಯಿಂದ ಬಂದವಳು ಒಂದು ಕೈಯಲ್ಲಿ ನನ್ನ ಪುಸ್ತಕ, ಇನ್ನೊಂದು ಕೈಯಲ್ಲಿ ಅಜ್ಜಿಯ ಸಂಡಿಗೆ ಹಿಡಿದು ಎಲ್ಲವನ್ನೂ ಮುಗಿಸಿದ್ದಳು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಆ ಸಾಕ್ಷಿಯನ್ನು ಎತ್ತಿ ತಮ್ಮ ಬಾಯಿಗೆ ಹಾಕಿಕೊಂಡುಬಿಟ್ಟರು.

ಕಟುಂ ಕಟುಂ ಸದ್ದಿನ ನಡುವೆ ಗಂಡ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. "ಕೊಲೆಗಾರ್ತಿ ಸಿಕ್ಕಿದ್ಲಲ್ಲಮ್ಮ. ಏಜೆಂಟ್ ಬೆಳಿಗ್ಗೆಯಿಂದ ಕೇಳ್ತಿದಾನೆ. ಟಿಕೆಟ್ಟಿಗೆ ಏನು ಹೇಳ್ಲಿ?"

ಒಪ್ಪಂದ ಒಪ್ಪಂದವೇ. ನಾನು ತಡೆಯುವಂತಿರಲಿಲ್ಲ. ಮಗಳು ನನ್ನ ಮುಖ, ಅಜ್ಜಿಯ ಮುಖ ನೋಡಿದಳು. ಟಿಕೆಟ್ಟಿನ ಸಂಗತಿ ಅವಳಿಗೆ ಗೊತ್ತೇ ಇರಲಿಲ್ಲ. "ಹೋಗ್ತೀರಾ ಅಜ್ಜಿ?" ಎಂದಳು.

ಅತ್ತೆ ನಿಧಾನವಾಗಿ ಅಗಿದು ನುಂಗಿದರು. "ಹೇಗೆ ಹೋಗೋದು? ಕೊಲೆ ಮುಗೀತು, ಕಳ್ಳತನ ಹಾಗೇ ಇದೆಯಲ್ಲಪ್ಪ. ಇಷ್ಟು ಸಂಡಿಗೆ ತಿಂದೋನು ಯಾರು ಅಂತ ಗೊತ್ತಾಗದೆ ನಾನು ಊರಿಗೆ ಹೋಗಿ ಏನಂತ ಹೇಳ್ಲಿ? ಕಳ್ಳ ಸಿಗಲಿ, ಆಮೇಲೆ ನೋಡೋಣ."

ಮೊಮ್ಮಗಳ ಕಾಲು ಅವರ ತೊಡೆಯ ಮೇಲಿತ್ತು. ಅವಳ ಕಪ್ಪು ಸಾಕ್ಸಿನ ಅಡಿ ಪೂರ್ತಿ ಬೆಳ್ಳಗಾಗಿತ್ತು. ಅತ್ತೆ ನಮ್ಮ ಕಡೆ ನೋಡುತ್ತಲೇ, ಒಂದು ಕೈಯಿಂದ ಆ ಅಕ್ಕಿಹಿಟ್ಟನ್ನು ಮೆಲ್ಲಗೆ ಕೊಡವುತ್ತಿದ್ದರು.

ಕಳ್ಳ ಸಿಗಲು ಆಗಸ್ಟ್ ಕೊನೆಯವರೆಗೂ ಹಿಡಿಯಿತು.